ಮಾತು ಬಂತು, ಲೆಕ್ಕ ಬರುತ್ತಿಲ್ಲ: ಕ್ಯಾಟಟೋನಿಯಾ ಬಿಟ್ಟ ಮೇಲೆ ಉಳಿಯುವ ಮಂಕು

ಪ್ರಶ್ನೆ: ನಾವು ಮೂಡಿಗೆರೆ ತಾಲ್ಲೂಕಿನವರು. ನನ್ನ ತಮ್ಮನಿಗೆ 27 ವರ್ಷ, ಕಾಫಿ ತೋಟವೊಂದರಲ್ಲಿ ರೈಟರ್, ಆಳುಗಳ ಹಾಜರಿ, ಕೂಲಿ ಲೆಕ್ಕದ ಚೆಕ್‌ರೋಲ್ ಬರೆಯುವ ಕೆಲಸ. ಐದು ತಿಂಗಳ ಹಿಂದೆ ಮಂಕಾದ, ನಿದ್ದೆ ಬಿಟ್ಟ. ಆಮೇಲೆ ಒಂದು ದಿನ ಮಾತೇ ನಿಂತುಹೋಯಿತು. ತುತ್ತು ಇಟ್ಟರೆ ಬಾಯಲ್ಲೇ ಇರುತ್ತಿತ್ತು. ಎತ್ತಿದ ಕೈ ಎತ್ತಿದ ಹಾಗೇ. ಗಾಳಿ ಸೋಕಿದೆ ಅಂತ ಮನೆಯವರು ಹತ್ತು ದಿನ ಅಲ್ಲಿ ಇಲ್ಲಿ ಓಡಾಡಿದರು. ಕೊನೆಗೆ ಆಸ್ಪತ್ರೆಯಲ್ಲಿ ಕ್ಯಾಟಟೋನಿಯಾ ಎಂದರು. ಒಂದು ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ "ಅಕ್ಕಾ, ನೀರು" ಅಂದ. ಮತ್ತೆ ಮೊದಲಿನಂತಾದ. ನಂತರ ಆರು ಸಲ ಇಸಿಟಿ, ಅಂದರೆ ಕರೆಂಟ್ ಚಿಕಿತ್ಸೆ, ಆಯಿತು. ಮನೆಗೆ ಬಂದು ಎರಡು ತಿಂಗಳು. ಊಟ ಮಾಡುತ್ತಾನೆ, ಓಡಾಡುತ್ತಾನೆ, ಆದರೆ ಮೊದಲಿನ ಹುಡುಗ ಅಲ್ಲ. ಕೇಳಿದ್ದಕ್ಕೆ ಉತ್ತರ ಬರಲು ಅರ್ಧ ನಿಮಿಷ ಬೇಕು. ಚೆಕ್‌ರೋಲ್ ಕೂಡಲು ಕುಳಿತರೆ ಎರಡನೇ ಸಾಲಿಗೆ ನಿಲ್ಲುತ್ತಾನೆ. ಕಾಯಿಲೆಗೆ ಸ್ವಲ್ಪ ಮುಂಚೆ ನಡೆದ ಚಿಕ್ಕಪ್ಪನ ಮಗಳ ಮದುವೆಯಲ್ಲಿ ತಾನೇ ಓಡಾಡಿ ಬಡಿಸಿದ್ದ, ಅದು ನೆನಪೇ ಇಲ್ಲ. ಕರೆಂಟ್ ಕೊಟ್ಟು ಮೆದುಳು ಸುಟ್ಟರು ಅಂತ ಊರವರು ಹೇಳುತ್ತಾರೆ. ಈಗ ಲೋರಾಜೆಪಾಮ್, ರಿಸ್ಪೆರಿಡೋನ್, ನಡುಕಕ್ಕೆ ಅಂತ ಟ್ರೈಹೆಕ್ಸಿಫೆನಿಡಿಲ್, ಜೊತೆಗೆ ಖಿನ್ನತೆಗೆ ಒಂದು ಮಾತ್ರೆ ನಡೆಯುತ್ತಿದೆ. ಮಾತ್ರೆ ನಿಲ್ಲಿಸಲಾ? ಬ್ರಾಹ್ಮಿ ಕೊಡಲಾ? ಕೆಲಸಕ್ಕೆ ಕಳಿಸಬಹುದಾ? ಅವನ ಬುದ್ಧಿ ವಾಪಸ್ ಬರುತ್ತದಾ?

ಉತ್ತರ: ನಿಮ್ಮ ಪ್ರಶ್ನೆಗಳು ನಾಲ್ಕಿದ್ದರೂ ಒಳಗಿನ ಭಯ ಒಂದೇ. ತಮ್ಮ ಉಳಿದ, ಆದರೆ ಅವನ ಬುದ್ಧಿ ಉಳಿಯಲಿಲ್ಲವಾ ಅಂತ. ಹಾಸನದಲ್ಲಿ ಕುಳಿತು ಮನೋರೋಗ ನೋಡುವ ನನಗೆ ಈ ಮಾತು ಹೊಸದಲ್ಲ. ಪ್ರಾಣದ ಆತಂಕ ಕಳೆದು, ಮನೆಗೆ ಬಂದು, ದಿನದ ಕೆಲಸ ಶುರುವಾದಾಗಲೇ ಮನೆಯವರ ಕಣ್ಣಿಗೆ ಇದು ಬೀಳುವುದು. ಅವನನ್ನು ನೋಡದೆ ಕೊನೆಯ ಮಾತು ಹೇಳಲು ಆಗುವುದಿಲ್ಲ. ಆದರೂ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬುದ್ಧಿ ಹೋಯಿತು ಎಂದು ತೀರ್ಮಾನ ಮಾಡುವ ಮುಂಚೆ, ಕ್ಯಾಟಟೋನಿಯಾ ಪೂರ್ತಿ ಬಿಟ್ಟಿದೆಯಾ ಅಂತ ಮತ್ತೊಮ್ಮೆ ನೋಡಿಸಿ. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಬಂದ ಅನುಮಾನವೇ ಅದು.

ಕ್ಯಾಟಟೋನಿಯಾದಲ್ಲಿ ಕೆಡುವುದು ಮುಖ್ಯವಾಗಿ ಮನಸ್ಸಿನಲ್ಲಿ ಬಂದದ್ದನ್ನು ಮೈಯಿಂದ ಶುರು ಮಾಡುವ, ಶುರುವಾದದ್ದನ್ನು ನಿಲ್ಲಿಸುವ ವ್ಯವಸ್ಥೆ. ಟ್ರ್ಯಾಕ್ಟರ್ ಎಂಜಿನ್ ಓಡುತ್ತಿದೆ, ಗೇರ್ ಮಾತ್ರ ಬೀಳುತ್ತಿಲ್ಲ ಎನ್ನುತ್ತೇವಲ್ಲ, ಹಾಗೆ. ಮೆದುಳಿನ ಮುಂಭಾಗಕ್ಕೂ ಆಳದಲ್ಲಿರುವ ಚಲನೆಯ ಕೇಂದ್ರಗಳಿಗೂ ನಡುವಿನ ಸಂಪರ್ಕ ಹದ ತಪ್ಪುತ್ತದೆ. ಇದರಲ್ಲಿ ಗಾಬಾ ಎಂಬ ರಾಸಾಯನಿಕದ ಪಾತ್ರ ದೊಡ್ಡದು. ಲೋರಾಜೆಪಾಮ್ ಕೆಲಸ ಮಾಡುವುದು ಅದರ ಮೂಲಕವೇ. ನಿಮ್ಮ ತಮ್ಮ ಇಂಜೆಕ್ಷನ್ ಆದ ಮೇಲೆ ನೀರು ಕೇಳಿದ್ದು ಅದರಿಂದ. ಬೇರೆಯವರಿಗೆ ಮಂಪರು ತರುವ ಔಷಧ ಇವರನ್ನು ಎಬ್ಬಿಸುತ್ತದೆ. ಬಹುಪಾಲು ಮಂದಿಯಲ್ಲಿ ಹೀಗಾಗುತ್ತದೆ. ಕಾಯಿಲೆಯನ್ನು ಗುರುತಿಸಲು 1–2 ಮಿಲಿಗ್ರಾಂ ಕೊಟ್ಟು ನೋಡುವ ಪದ್ಧತಿಯೂ ಇದೆ.

ಈಗ ಊರಿನ ಮಾತುಗಳನ್ನು ನೋಡೋಣ. ಗಾಳಿ, ಮಾಟ ಅಂತ ಓಡಾಡಿದ್ದಕ್ಕೆ ನಿಮ್ಮ ಮನೆಯವರ ಮೇಲೆ ಕೋಪ ಬೇಡ. ಕಂಬದ ಹಾಗೆ ನಿಂತ ಮನುಷ್ಯನನ್ನು ಮೊದಲ ಸಲ ಕಂಡರೆ ಯಾರಿಗಾದರೂ ಭಯವೇ. "ಹಠ, ನಾಟಕ" ಎನ್ನುವವರೂ ಇರುತ್ತಾರೆ. ಅದೂ ಸುಳ್ಳು. ಗಂಟೆಗಟ್ಟಲೆ ಕೈ ಎತ್ತಿ ನಿಲ್ಲುವುದು, ಬಾಯಾರಿದರೂ ನೀರು ನುಂಗದೆ ಇರುವುದು ಹಠದಿಂದ ಆಗುವ ಕೆಲಸವಲ್ಲ. ಇನ್ನೊಂದು ತಪ್ಪು ತಿಳಿವಳಿಕೆ, ಆ ಸ್ಥಿತಿಯಲ್ಲಿ ಅವರಿಗೆ ಏನೂ ತಿಳಿಯುವುದಿಲ್ಲ ಎನ್ನುವುದು. ಎಷ್ಟೋ ಮಂದಿಗೆ ಎಲ್ಲವೂ ಕೇಳಿಸುತ್ತಿರುತ್ತದೆ. ಗುಣವಾದ ಮೇಲೆ ಅವರಲ್ಲಿ ಹಲವರು ಹೇಳುವುದು ಒಂದೇ, ವಿಪರೀತ ಭಯ. ಅರಸೀಕೆರೆ ಕಡೆಯ ಹೆಣ್ಣುಮಗಳೊಬ್ಬರು ಮಾತು ಬಂದ ಮೇಲೆ, ಹಾಸಿಗೆ ಪಕ್ಕದಲ್ಲಿ ನಿಂತು ನೆಂಟರು ಆಡಿದ್ದನ್ನು ಒಂದೊಂದಾಗಿ ಹೇಳಿದ್ದರು. ಮಕ್ಕಳನ್ನು ಯಾರು ಸಾಕುತ್ತಾರೆ ಎಂಬ ಚರ್ಚೆಯೂ ಅದರಲ್ಲಿತ್ತು. ಅದಕ್ಕೇ ನಾನು ವಾರ್ಡಿನಲ್ಲಿ ಎಲ್ಲರಿಗೂ ಹೇಳುತ್ತೇನೆ, ಅವರ ಎದುರು ಅವರ ಬಗ್ಗೆ ಮಾತಾಡಬೇಡಿ, ಅವರ ಹತ್ತಿರ ಮಾತಾಡಿ.

"ಇದು ಬಂದರೆ ಬುದ್ಧಿ ಕುಸಿಯುತ್ತಲೇ ಹೋಗುತ್ತದೆ" ಎಂಬ ಭಯಕ್ಕೆ ಒಂದು ಹಿನ್ನೆಲೆ ಇದೆ. ಜರ್ಮನಿಯ ಕಾರ್ಲ್ ಕಾಲ್‌ಬಾಮ್ 1874ರಲ್ಲಿ ಈ ಕಾಯಿಲೆಯನ್ನು ವಿವರಿಸಿದಾಗ, ಹಲವರು ಇದರಿಂದ ಚೇತರಿಸಿಕೊಳ್ಳುತ್ತಾರೆ ಎಂದೇ ಬರೆದಿದ್ದರು. ಆಮೇಲೆ ಬಂದ ಕ್ರೇಪೆಲಿನ್ ಇದನ್ನು, ಚಿಕ್ಕ ವಯಸ್ಸಿಗೇ ಬುದ್ಧಿ ಕುಸಿಯುವ ಕಾಯಿಲೆ ಎಂದು ತಾವು ಕರೆದ ಗುಂಪಿಗೆ ಸೇರಿಸಿಬಿಟ್ಟರು. ಅದೇ ಮುಂದೆ ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ಧ್ವನಿ ಕೇಳಿಸುವ ಕಾಯಿಲೆ) ಆಯಿತು. ಸುಮಾರು ನೂರು ವರ್ಷ ವೈದ್ಯರೂ ಕ್ಯಾಟಟೋನಿಯಾ ಅಂದರೆ ಸ್ಕಿಜೋಫ್ರೇನಿಯಾ ಅಂತಲೇ ನೋಡಿದರು. ಈಗ ಹಾಗಿಲ್ಲ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಕ್ಯಾಟಟೋನಿಯಾಕ್ಕೆ ಬೇರೆಯದೇ ಜಾಗ ಇದೆ. ಖಿನ್ನತೆ, ಬೈಪೋಲಾರ್ (ಮನಸ್ಸು ಒಮ್ಮೆ ಅತಿ ಉಬ್ಬಿ ಒಮ್ಮೆ ಅತಿ ಕುಗ್ಗುವ ಕಾಯಿಲೆ), ಸ್ಕಿಜೋಫ್ರೇನಿಯಾ, ಆಟಿಸಂ, ಮೆದುಳಿನ ಉರಿಯೂತ, ರಕ್ತದಲ್ಲಿ ಸೋಡಿಯಂ ಏರುಪೇರು, ಕೆಲವು ಔಷಧಗಳನ್ನು ದಿಢೀರನೆ ನಿಲ್ಲಿಸುವುದು, ಇಷ್ಟರಲ್ಲಿ ಯಾವುದರಿಂದಲೂ ಬರಬಹುದು. ಆದ್ದರಿಂದ ಆಮೇಲೆ ಉಳಿಯುವ ಮಂಕು ಕೂಡ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ.

ಹಾಗಾದರೆ ನಿಮ್ಮ ತಮ್ಮನ ಮಂಕು ಎಲ್ಲಿಂದ ಬಂದಿರಬಹುದು?

ಅರ್ಧ ನಿಮಿಷ ಬಿಟ್ಟು ಬರುವ ಉತ್ತರವನ್ನೇ ತೆಗೆದುಕೊಳ್ಳಿ. ಆ ಉತ್ತರ ಸರಿ ಇರುತ್ತದಾ, ತಪ್ಪಿರುತ್ತದಾ? ಪತ್ರದಲ್ಲಿ ನೀವು ಅದನ್ನು ಬರೆದಿಲ್ಲ, ನನಗೆ ಮುಖ್ಯವಾಗಿ ಬೇಕಾದದ್ದು ಅದೇ. ಮರೆವಿರುವವರು ಸಾಮಾನ್ಯವಾಗಿ ತಕ್ಷಣ ಏನೋ ಹೇಳುತ್ತಾರೆ, ಅದು ತಪ್ಪಾಗಿರುತ್ತದೆ, ಇಲ್ಲಾ ಗೊತ್ತಿಲ್ಲ ಅನ್ನುತ್ತಾರೆ. ಕ್ಯಾಟಟೋನಿಯಾ ಇನ್ನೂ ಸ್ವಲ್ಪ ಉಳಿದಿರುವವರು ತಡವಾಗಿ ಹೇಳುತ್ತಾರೆ, ಆದರೆ ಸರಿಯಾಗಿ ಹೇಳುತ್ತಾರೆ. ಮನೆಯಲ್ಲಿ ನೋಡುವ ರೀತಿ ಸುಲಭ. ಹಳೆಯ ಚೆಕ್‌ರೋಲಿನ ಒಂದು ಹಾಳೆ ಕೊಡಿ. ಪಕ್ಕದಲ್ಲಿ ನಿಂತು ಅವಸರ ಮಾಡಬೇಡಿ, ತಿದ್ದಬೇಡಿ. ಒಂದು ಗಂಟೆಯಾದರೂ ಆಗಲಿ. ಕೊನೆಗೆ ಮೊತ್ತ ಸರಿ ಬಂದಿದ್ದರೆ ಲೆಕ್ಕದ ಬುದ್ಧಿ ಇದೆ, ಶುರು ಮಾಡುವುದರಲ್ಲಿ, ವೇಗದಲ್ಲಿ ತೊಂದರೆ ಇದೆ ಎಂದರ್ಥ. ಬಿಡಿ ಸ್ಥಾನ ಕೂಡಿ ದಶಕ ತೆಗೆದುಕೊಳ್ಳುವುದು ಪದೇ ಪದೇ ಬಿಟ್ಟುಹೋಗಿದ್ದರೆ, ಕೈಯಲ್ಲಿರುವ ವಿಷಯವನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಸೋತಿದೆ. ಯಾವ ಸಾಲಿನಲ್ಲಿದ್ದೇನೆ ಅನ್ನುವುದೇ ತಪ್ಪಿ, ಅದೇ ಸಾಲನ್ನು ಎರಡು ಸಲ ಕೂಡಿದ್ದರೆ ಗಮನದ ತೊಂದರೆ. ಆ ಹಾಳೆಯನ್ನು ಎಸೆಯಬೇಡಿ, ವೈದ್ಯರ ಹತ್ತಿರ ಹೋಗುವಾಗ ತೆಗೆದುಕೊಂಡು ಹೋಗಿ. ಹತ್ತು ನಿಮಿಷದ ಪ್ರಶ್ನೋತ್ತರಕ್ಕಿಂತ ಅದು ಹೆಚ್ಚು ಹೇಳುತ್ತದೆ.

ಇನ್ನೂ ಕೆಲವನ್ನು ಗಮನಿಸಿ. ಬಾಗಿಲ ಹತ್ತಿರ ಹೋಗಿ ಒಳಗೋ ಹೊರಗೋ ಅಂತ ನಿಂತುಬಿಡುತ್ತಾನಾ? ಲೋಟ ಕೈಗೆ ತೆಗೆದುಕೊಂಡು ಹಾಗೇ ಹಿಡಿದಿರುತ್ತಾನಾ? ನಿಮ್ಮ ಮಾತಿನ ಕೊನೆಯ ಪದವನ್ನೇ ತಿರುಗಿ ಹೇಳುತ್ತಾನಾ? ಕಣ್ಣು ಮಿಟುಕಿಸುವುದು ಕಡಿಮೆಯಾಗಿದೆಯಾ? ಪರೀಕ್ಷೆ ಮಾಡುವಾಗ ನಾವು ಕೈ ಮುಂದೆ ಚಾಚಿ "ನನ್ನ ಕೈ ಕುಲುಕಬೇಡಿ" ಅನ್ನುತ್ತೇವೆ. ಕ್ಯಾಟಟೋನಿಯಾ ಉಳಿದಿದ್ದರೆ ರೋಗಿಯ ಕೈ ಅರ್ಧ ಮೇಲೆ ಬಂದು, ಮುಂದೆಯೂ ಹೋಗದೆ ಹಿಂದೆಯೂ ಬಾರದೆ ಗಾಳಿಯಲ್ಲೇ ನಿಲ್ಲುವುದನ್ನು ಕಾಣಬಹುದು. ಹೀಗೆ 23 ಅಂಶಗಳನ್ನು ನೋಡುವ ಬುಷ್–ಫ್ರಾನ್ಸಿಸ್ ಪಟ್ಟಿ 1996ರಿಂದ ಬಳಕೆಯಲ್ಲಿದೆ. ಸೇರುವಾಗ ಅದನ್ನು ಮಾಡಿರುತ್ತಾರೆ. ಮನೆಗೆ ಹೋದ ಮೇಲಿನ ಭೇಟಿಗಳಲ್ಲಿ ಮಾಡದೆ ಬಿಟ್ಟುಹೋಗುವುದು ಜಾಸ್ತಿ. ಮಾತು, ಊಟ, ನಡಿಗೆ ಬಂತಲ್ಲ ಅಂತ ಎಲ್ಲರೂ ನಿರಾಳವಾಗುತ್ತಾರೆ. ಕೇಳಿ ಮಾಡಿಸಿಕೊಳ್ಳಿ. ಕ್ಯಾಟಟೋನಿಯಾ ಉಳಿದಿದ್ದರೆ ಅದಕ್ಕೆ ಚಿಕಿತ್ಸೆ ಇದೆ. ಅದನ್ನು ಬುದ್ಧಿಮಾಂದ್ಯ ಅಂತ ಕರೆದು ಮೂಲೆಗೆ ಕೂರಿಸುವುದು ಅನ್ಯಾಯ.

ಇನ್ನು ಮಾತ್ರೆಗಳು. ಲೋರಾಜೆಪಾಮ್ ವಿಚಾರ ಸೂಕ್ಷ್ಮ. ಕಾಯಿಲೆ ಜೋರಾಗಿದ್ದಾಗ ಎಬ್ಬಿಸಿದ ಅದೇ ಡೋಸ್, ಕಾಯಿಲೆ ಪೂರ್ತಿ ಇಳಿದ ಮೇಲೆ ಮಂಪರು ತರುತ್ತದೆ, ಹೊಸ ವಿಷಯ ನೆನಪಿನಲ್ಲಿ ಕೂರದಂತೆ ಮಾಡುತ್ತದೆ. ಅಂದರೆ ಅವನ ಮಂಕಿಗೆ ಈ ಮಾತ್ರೆ ಹೆಚ್ಚಾಗಿರುವುದೂ ಕಾರಣ ಇರಬಹುದು, ಕಡಿಮೆಯಾಗಿರುವುದೂ ಕಾರಣ ಇರಬಹುದು. ಮಾತ್ರೆ ನುಂಗಿದ ಒಂದೆರಡು ಗಂಟೆಯಲ್ಲಿ ಅವನು ಚುರುಕಾಗುತ್ತಾನಾ ಅಥವಾ ತೂಕಡಿಸುತ್ತಾನಾ ಅಂತ ಮೂರ್ನಾಲ್ಕು ದಿನ ನೋಡಿ ಬರೆದಿಡಿ. ಚುರುಕಾದರೆ ಕ್ಯಾಟಟೋನಿಯಾ ಇನ್ನೂ ಒಳಗಿದೆ ಎಂಬ ಸುಳಿವು. ತೂಕಡಿಸಿದರೆ ಡೋಸ್ ಇಳಿಸುವ ಕಾಲ ಬಂದಿರಬಹುದು. ಆದರೆ ನೀವೇ ನಿಲ್ಲಿಸುವುದು ಮಾತ್ರ ಬೇಡವೇ ಬೇಡ. ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಕ್ಯಾಟಟೋನಿಯಾ ಮೊದಲಿಗಿಂತ ಜೋರಾಗಿ ಮರಳಬಹುದು. ಇಳಿಸುವುದಾದರೆ ವಾರಗಳ ಲೆಕ್ಕದಲ್ಲಿ, ಸ್ವಲ್ಪ ಸ್ವಲ್ಪವೇ. ಒಂದು ಹೆಜ್ಜೆ ಇಳಿಸಿದ ಮೇಲೆ ಊಟ ನಿಧಾನವಾದರೆ, ಮಾತು ಇನ್ನೂ ತಡವಾದರೆ, ಹಿಂದಿನ ಡೋಸಿಗೇ ಹೋಗಿ ಕಾಯಬೇಕಾಗುತ್ತದೆ.

ನಡುಕದ ಮಾತ್ರೆಯ ಬಗ್ಗೆ ನನಗೆ ಜಾಸ್ತಿ ಚಿಂತೆ. ಟ್ರೈಹೆಕ್ಸಿಫೆನಿಡಿಲ್ ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನೇ ತಡೆಯುತ್ತದೆ. ಮರೆವು, ಬಾಯಿ ಒಣಗುವುದು, ಮಲಬದ್ಧತೆ, ಹತ್ತಿರದ ಅಕ್ಷರ ಮಸುಕಾಗುವುದು ಅದರ ಗುಣ. ಚೆಕ್‌ರೋಲಿನ ಸಣ್ಣ ಅಂಕಿ ಓದಲು ಕಷ್ಟವಾಗುತ್ತಿದ್ದರೆ ಅದೂ ಸೇರಿಕೊಂಡಿರಬಹುದು, ಕೇಳಿ ನೋಡಿ. ಎಷ್ಟೋ ಚೀಟಿಗಳಲ್ಲಿ ಈ ಮಾತ್ರೆ ಸುಮ್ನೆ ಮುಂದುವರಿಯುತ್ತಾ ಹೋಗುತ್ತದೆ. "ಇದು ಇನ್ನೂ ಬೇಕಾ?" ಅಂತ ವೈದ್ಯರನ್ನು ನೇರವಾಗಿ ಕೇಳಿ.

ಆ ನಡುಕಕ್ಕೆ ಕಾರಣವಾಗಿರಬಹುದಾದ ರಿಸ್ಪೆರಿಡೋನ್ ಬಗ್ಗೆಯೂ ಕೇಳಬೇಕು. ಭ್ರಮೆ, ಕಿವಿಯಲ್ಲಿ ಧ್ವನಿ ಇದ್ದರೆ ಅದು ಬೇಕಾಗುತ್ತದೆ. ಆದರೆ ಈ ಗುಂಪಿನ ಔಷಧಗಳು ಕೆಲವರಲ್ಲಿ ಕ್ಯಾಟಟೋನಿಯಾವನ್ನು ಹೆಚ್ಚು ಮಾಡುತ್ತವೆ, ಅಪರೂಪಕ್ಕೆ ಜ್ವರ ಮತ್ತು ಮೈ ಬಿಗಿತದ ಅಪಾಯಕಾರಿ ಸ್ಥಿತಿಗೂ ತರುತ್ತವೆ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇದ್ದವರಲ್ಲಿ ಆ ಅಪಾಯ ಹೆಚ್ಚು. ಈ ಮಾತ್ರೆಯನ್ನು ಮುಂದುವರಿಸುವುದಕ್ಕೂ ನಿಲ್ಲಿಸುವುದಕ್ಕೂ ಎರಡಕ್ಕೂ ಅಪಾಯ ಇರುವುದರಿಂದ, ಯಾವ ಕಾರಣಕ್ಕೆ ಬರೆದಿದ್ದಾರೆ ಅನ್ನುವುದು ಗೊತ್ತಾಗದೆ ಯಾರೂ ಕೈ ಹಾಕಬಾರದು.

ಇಸಿಟಿಯ ವಿಷಯಕ್ಕೆ ಬರುತ್ತೇನೆ. ಊರಿನವರು ಹೇಳಿದ್ದರಲ್ಲಿ ಸುಳ್ಳು ಜಾಸ್ತಿ, ಒಂದು ಎಳೆ ನಿಜ. ಮೆದುಳು ಸುಡುವುದಿಲ್ಲ. ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧ ಕೊಟ್ಟು, ಕೆಲವೇ ಸೆಕೆಂಡಿನ ವಿದ್ಯುತ್ತಿನಿಂದ ಮೆದುಳಿನಲ್ಲಿ ಹತೋಟಿಯಲ್ಲಿರುವ ಫಿಟ್ಸ್ ತರಿಸುತ್ತಾರೆ. ಈ ಎರಡು ಔಷಧ ಇಲ್ಲದೆ ಇಸಿಟಿ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಊಟ ನೀರು ಬಿಟ್ಟು, ಲೋರಾಜೆಪಾಮಿಗೂ ನಿಲ್ಲದ ಕ್ಯಾಟಟೋನಿಯಾದಲ್ಲಿ ಇದು ಪ್ರಾಣ ಉಳಿಸುವ ಚಿಕಿತ್ಸೆ. ನಿಮ್ಮ ತಮ್ಮನಿಗೆ ಕೊಟ್ಟದ್ದು ಸರಿಯಾದ ನಿರ್ಧಾರ ಎಂದೇ ನನಗೆ ಅನಿಸುತ್ತದೆ.

ನಿಜವಾದ ಎಳೆ ನೆನಪಿನದು. ಖಿನ್ನತೆಗೆ ಇಸಿಟಿ ಪಡೆದವರ ಬಗ್ಗೆ 84 ಅಧ್ಯಯನಗಳನ್ನು ಒಟ್ಟು ಸೇರಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆ ಒಂದಿದೆ. ಗಮನ, ವೇಗ, ಹೊಸದನ್ನು ಕಲಿಯುವ ಶಕ್ತಿ ಮೊದಲ ಮೂರು ದಿನ ಕುಗ್ಗಿ, ಎರಡು ವಾರ ಕಳೆಯುವ ಹೊತ್ತಿಗೆ ಇವುಗಳಲ್ಲಿ ಹಲವು ಚಿಕಿತ್ಸೆಗೆ ಮುಂಚಿನದಕ್ಕಿಂತ ಚೆನ್ನಾಗಿದ್ದವು. ಹಾಗಾಗಿ ಮುಗಿದು ಎರಡು ತಿಂಗಳಾದ ಮೇಲೂ ಚೆಕ್‌ರೋಲ್ ಕೂಡಲು ಆಗದಿರುವುದಕ್ಕೆ ಇಸಿಟಿಯನ್ನೇ ಮೊದಲ ಕಾರಣ ಮಾಡುವುದು ಸರಿ ಹೊಂದುವುದಿಲ್ಲ. ಆದರೆ ಆ ಪರೀಕ್ಷೆಗಳು ಅಳೆದದ್ದು ಇಂಥ ಶಕ್ತಿಗಳನ್ನು. ಸ್ವಂತ ಜೀವನದ ಹಳೆಯ ನೆನಪು ಬೇರೆ ಮಾತು. ಚಿಕಿತ್ಸೆಯ ಆಸುಪಾಸಿನ ಕೆಲವು ವಾರ, ತಿಂಗಳುಗಳ ನೆನಪು ಅಳಿಸುವುದುಂಟು, ಅದರಲ್ಲಿ ಕೆಲವು ಮರಳುವುದೇ ಇಲ್ಲ. ಮದುವೆಯ ನೆನಪು ಆ ಗುಂಪಿಗೆ ಸೇರಿರಬಹುದು. ಅವನನ್ನು "ನೆನಪಿಸಿಕೋ, ನೆನಪಿಸಿಕೋ" ಅಂತ ಕಾಡಬೇಡಿ. ಮದುವೆಯ ಫೋಟೋ, ವಿಡಿಯೋ ಮುಂದಿಟ್ಟು ಇದು ನೀನು, ಇದು ನೀನು ಬಡಿಸಿದ ಪಂಕ್ತಿ ಅಂತ ಹೇಳಿ. ಅದು ಅವನಿಗೆ ನೆನಪಾಗಿ ಅಲ್ಲದಿದ್ದರೂ ತಿಳಿದ ವಿಷಯವಾಗಿ ಉಳಿಯುತ್ತದೆ.

ಹತ್ತು ದಿನ ಸರಿಯಾಗಿ ತಿನ್ನದೆ ಇದ್ದದ್ದನ್ನೂ ಮರೆಯಬಾರದು. ಬಿ1 ಜೀವಸತ್ವ ತೀರಾ ಇಳಿದರೆ ಮೆದುಳಿನ ನೆನಪಿನ ಭಾಗಕ್ಕೇ ಪೆಟ್ಟು ಬೀಳುತ್ತದೆ. ನಡಿಗೆಯಲ್ಲಿ ತೂರಾಟ, ಕಣ್ಣು ಅದುರುವುದು, ಒಂದು ಎರಡಾಗಿ ಕಾಣುವುದು, ನಡೆಯದ್ದನ್ನು ನಡೆದ ಹಾಗೆ ಹೇಳುವುದು ಅದರ ಗುರುತು. ಇವು ಇದ್ದರೆ ಅದೇ ದಿನ ತೋರಿಸಿ. ಬಿ12, ಥೈರಾಯ್ಡ್, ಸೋಡಿಯಂ, ಕಬ್ಬಿಣದ ರಕ್ತಪರೀಕ್ಷೆ ಹೇಗೂ ಆಗಬೇಕು. ಕಾಯಿಲೆ ಶುರುವಾಗುವಾಗ ಜ್ವರ ಇತ್ತಾ, ಫಿಟ್ಸ್ ಬಂದಿತ್ತಾ, ಬಾಯಿ ಸುಮ್ಮನೆ ಜಗಿಯುತ್ತಿತ್ತಾ ಅಂತ ಜ್ಞಾಪಿಸಿಕೊಳ್ಳಿ. ದೇಹದ ರೋಗನಿರೋಧಕ ಶಕ್ತಿಯೇ ಮೆದುಳಿನ ಮೇಲೆ ತಿರುಗಿಬೀಳುವ ಒಂದು ಉರಿಯೂತ 2007ರಲ್ಲಿ ಗುರುತಿಗೆ ಬಂತು. ಅದು ಮೊದಲು ಮನೋರೋಗದ ರೂಪದಲ್ಲೇ ಕಾಣಿಸಿಕೊಳ್ಳುತ್ತದೆ, ಕ್ಯಾಟಟೋನಿಯಾವನ್ನೂ ತರುತ್ತದೆ. ಅನುಮಾನ ಬಂದರೆ ಎಂಆರ್‌ಐ, ಇಇಜಿ, ಬೆನ್ನುಹುರಿಯ ನೀರಿನ ಪರೀಕ್ಷೆ ಬೇಕು. ಚಿಕಿತ್ಸೆಯೇ ಬೇರೆ.

ಇಷ್ಟೂ ಸರಿ ಇದ್ದರೆ ಉಳಿಯುವುದು ಮೂಲ ಕಾಯಿಲೆ. ಮಂಕು, ನಿದ್ದೆಗೇಡಿನಿಂದ ಶುರುವಾಯಿತು ಎಂದು ಬರೆದಿದ್ದೀರಿ, ಖಿನ್ನತೆಯ ಮಾತ್ರೆಯೂ ಇದೆ. ಖಿನ್ನತೆ ಪೂರ್ತಿ ಇಳಿಯದಿದ್ದರೆ ಯೋಚನೆ ನಿಧಾನವಾಗುತ್ತದೆ, ಲೆಕ್ಕ ತಪ್ಪುತ್ತದೆ. ಹಾಗಿದ್ದರೆ ಮನಸ್ಸು ತಿಳಿಯಾದಂತೆ ಬುದ್ಧಿಯೂ ಬಹುಮಟ್ಟಿಗೆ ಮರಳುತ್ತದೆ. ಸ್ಕಿಜೋಫ್ರೇನಿಯಾ ಆಗಿದ್ದರೆ ಗಮನ, ತಾತ್ಕಾಲಿಕ ನೆನಪಿನ ತೊಂದರೆ ಹೆಚ್ಚು ಕಾಲ ಇರುತ್ತದೆ, ತರಬೇತಿ ಬೇಕಾಗುತ್ತದೆ. ಅವನು "ನಾನು ಯಾರಿಗೂ ಬೇಡ" ಎನ್ನುವಂಥ ಮಾತಾಡಿದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ತೋಟದ ಔಷಧಿ ಡಬ್ಬಗಳನ್ನು, ಮಾತ್ರೆಗಳನ್ನು ನೀವು ಬೀಗ ಹಾಕಿ ಇಟ್ಟುಕೊಳ್ಳಿ.

ಮಾಡಬೇಕಾದದ್ದರ ಕ್ರಮ ನನ್ನ ಪ್ರಕಾರ ಹೀಗೆ. ಮೊದಲು ಅವನಿಗೆ ಚಿಕಿತ್ಸೆ ಕೊಟ್ಟ ವೈದ್ಯರ ಬಳಿಗೇ ಡಿಸ್ಚಾರ್ಜ್ ಹಾಳೆ, ಚೀಟಿಗಳು, ನೀವು ಬರೆದಿಟ್ಟದ್ದು ಎಲ್ಲ ತೆಗೆದುಕೊಂಡು ಹೋಗಿ. ಕ್ಯಾಟಟೋನಿಯಾದ ಮರುಪರೀಕ್ಷೆ, ರಕ್ತಪರೀಕ್ಷೆ, ಮಾತ್ರೆಗಳ ಪರಿಶೀಲನೆ ಆಗಲಿ. ಮಾತ್ರೆ ಬದಲಾಗಿ ಕೆಲವು ವಾರ ಕಳೆದ ಮೇಲೂ ಮಂಕು ಉಳಿದರೆ ಆಗ ಬುದ್ಧಿಶಕ್ತಿಯ ವಿವರವಾದ ಪರೀಕ್ಷೆ ಮಾಡಿಸಿ. ಈಗಲೇ ಅವಸರದಲ್ಲಿ ಮಾಡಿಸಿದರೆ ಮಾತ್ರೆಯ ಮಂಪರೇ ಅಂಕವಾಗಿ ಬರುತ್ತದೆ, ಆ ಕಾಗದ ಜೀವನಪೂರ್ತಿ ಅವನ ಬೆನ್ನಿಗೆ ಅಂಟುತ್ತದೆ. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ತರಬೇತಿಯ ಮಟ್ಟಕ್ಕೆ ಹೋಗಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್. ದೂರ ಓಡಾಡಲು ಆಗದ ವಾರಗಳಲ್ಲಿ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ವಿಚಾರಿಸಿ. ಫೋನಿನಲ್ಲಿ ಕೇಳಲು ಟೆಲಿಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಬ್ರಾಹ್ಮಿ ಬಗ್ಗೆ ಕೇಳಿದ್ದೀರಿ. ಒಂದೆಲಗದ ತಂಬುಳಿ ಮನೆಯಲ್ಲಿ ಮಾಡುವುದಾದರೆ ಧಾರಾಳವಾಗಿ ಬಡಿಸಿ. ಅಂಗಡಿಯ ಲೇಹ್ಯ, ಕ್ಯಾಪ್ಸೂಲ್ ವೈದ್ಯರಿಗೆ ಹೇಳದೆ ಬೇಡ, ಮಾತ್ರೆಗಳ ಬದಲಿಗಂತೂ ಬೇಡ. ಮದ್ಯ ಪೂರ್ತಿ ಬೇಡ. ಲೋರಾಜೆಪಾಮ್ ಜೊತೆ ಅದು ಉಸಿರಾಟಕ್ಕೇ ತೊಂದರೆ ಕೊಡುತ್ತದೆ. ಬೈಕ್ ಓಡಿಸುವುದೂ ಸದ್ಯಕ್ಕೆ ಬೇಡ.

ಕೆಲಸಕ್ಕೆ ಕಳಿಸಿ, ಆದರೆ ಹಳೆಯ ಕುರ್ಚಿಗೆ ಒಂದೇ ಸಲ ಅಲ್ಲ. ಕೊಯ್ಲಿನ ಸಮಯದಲ್ಲಿ ಸಂಜೆ ಹಣ್ಣು ತೂಗುವಾಗಿನ ಗಲಾಟೆ ನಿಮಗೆ ಗೊತ್ತೇ ಇದೆ. ಒಬ್ಬರು ಕೆಜಿ ಕೂಗುತ್ತಾರೆ, ಇನ್ನೊಬ್ಬರು ಹೆಸರು ಹೇಳುತ್ತಾರೆ, ಮತ್ತೊಬ್ಬರು ಅಡ್ವಾನ್ಸ್ ಕೇಳುತ್ತಾರೆ. ಕೇಳುತ್ತಾ ಬರೆಯುತ್ತಾ ಕೂಡುತ್ತಾ ಇರುವ ಆ ಕೆಲಸವೇ ಅವನಿಗೆ ಈಗ ಅತಿ ಕಷ್ಟದ್ದು. ಮೊದಲು ಬೆಳಿಗ್ಗೆ ಒಂದೆರಡು ಗಂಟೆ, ಒಬ್ಬನೇ ಕೂತು, ಕ್ಯಾಲ್ಕುಲೇಟರ್ ಇಟ್ಟುಕೊಂಡು, ಹಿಂದಿನ ದಿನದ ಹಾಜರಿಯನ್ನು ಪುಸ್ತಕಕ್ಕೆ ಏರಿಸಲಿ. ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಳ್ಳಲಿ. ಹಣದ ಬಟವಾಡೆ ಈಗ ಅವನ ಕೈಗೆ ಬೇಡ. ಒಂದು ತಪ್ಪಾದರೆ ಹತ್ತು ಮಾತು ಬರುತ್ತದೆ. ತೋಟದವರ ಹತ್ತಿರ ಎಷ್ಟು ಹೇಳಬೇಕು ಎಂಬುದನ್ನು ಅವನನ್ನೇ ಕೇಳಿ ತೀರ್ಮಾನಿಸಿ. ತಪ್ಪು ಕಡಿಮೆಯಾದಂತೆ ಹೊತ್ತು ಹೆಚ್ಚಿಸಿ.

ಬುದ್ಧಿ ವಾಪಸ್ ಬರುತ್ತದಾ ಅಂದರೆ, ನಿಮ್ಮ ಪತ್ರದಲ್ಲಿರುವಷ್ಟರಿಂದ ಹೇಳುವುದಾದರೆ ಸುಧಾರಿಸಲು ಜಾಗ ಬೇಕಾದಷ್ಟಿದೆ. ಉಳಿದ ಕ್ಯಾಟಟೋನಿಯಾ, ಎರಡು ಮಾತ್ರೆಗಳ ಮಂಪರು, ಪೂರ್ತಿ ಇಳಿಯದ ಖಿನ್ನತೆ, ಈ ಮೂರಕ್ಕೂ ಮಾಡುವುದಕ್ಕೆ ದಾರಿಗಳಿವೆ. ದಿನಗಳಲ್ಲಿ ಅಲ್ಲ, ತಿಂಗಳುಗಳಲ್ಲಿ ಆಗುವ ಕೆಲಸ.

ಆ ತಿಂಗಳುಗಳಲ್ಲಿ ಕೆಲವು ಲಕ್ಷಣ ಕಂಡರೆ ಮಾತ್ರ ಕಾಯುತ್ತಾ ಕೂರಬೇಡಿ. ಜ್ವರದ ಜೊತೆ ಮೈ ಮರದಂತೆ ಬಿಗಿಯುವುದು, ವಿಪರೀತ ಬೆವರುವುದು, ಮಾತು ಅಡ್ಡಾದಿಡ್ಡಿಯಾಗುವುದು. ಇಡೀ ದಿನ ನೀರು ನುಂಗದಿರುವುದು. ಒಂದು ಕಾಲು ಮಾತ್ರ ಊದಿ ನೋಯುವುದು ಅಥವಾ ದಿಢೀರನೆ ಉಸಿರು ಕಟ್ಟುವುದು. ಅಲ್ಲಾಡದೆ ಇದ್ದವರಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದುಂಟು. ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಾರೀಖಿಗೆ ಕಾಯದೆ 108ಕ್ಕೆ ಕರೆ ಮಾಡಿ, "ಇವನಿಗೆ ಮೊದಲು ಕ್ಯಾಟಟೋನಿಯಾ ಆಗಿತ್ತು" ಅಂತ ತುರ್ತು ವಿಭಾಗದಲ್ಲಿ ಮೊದಲ ಮಾತಿಗೇ ಹೇಳಿ.